ಒಂದೇ ಸೀಮೆ, ನಾಲ್ಕು ಊರು, ನಾಲ್ಕು ಗುಣ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ನಾಲ್ಕನ್ನೂ ಸುತ್ತಿ ಬರಬಹುದು. ಮಾತು ಒಂದೇ, ಊಟ ಒಂದೇ, ಮಣ್ಣೂ ಬಹುಮಟ್ಟಿಗೆ ಒಂದೇ. ಆದರೂ ಒಂದು ಊರಿನ ಹಾಗೆ ಇನ್ನೊಂದಿಲ್ಲ. ಏಕೆ?

ವೆನಿಸ್ ಎಂದ ಕೂಡಲೇ ಕಾಲುವೆ ಮತ್ತು ದೋಣಿ ಕಣ್ಣಿಗೆ ಕಟ್ಟುತ್ತವೆ. ಪ್ಯಾರಿಸ್ ಎಂದರೆ ಸಾಲುಮರಗಳ ಅಗಲವಾದ ಬೀದಿಗಳು. ಕಾಶಿ ಎಂದರೆ ಗಂಗೆಯ ಘಾಟುಗಳು. ನಮ್ಮಲ್ಲಿಯೇ ಮೈಸೂರು ಎಂದರೆ ಮಲ್ಲಿಗೆ, ದಸರೆ, ಅರಮನೆ. ಧಾರವಾಡ ಎಂದರೆ ಪೇಢೆ, ಕವಿಗಳು, ಜಿಟಿಜಿಟಿ ಮಳೆ. ಮನುಷ್ಯರಿಗೆ ಇರುವ ಹಾಗೆ ಊರುಗಳಿಗೂ ಒಂದೊಂದು ಮುಖ, ಒಂದೊಂದು ಸ್ವಭಾವ ಇರುತ್ತದೆ.

ಈ ಸ್ವಭಾವ ಆಕಾಶದಿಂದ ಇಳಿದದ್ದಲ್ಲ. ಪ್ಯಾರಿಸ್ಸಿನ ಅಗಲ ಬೀದಿಗಳು ಬಹಳ ಹಳೆಯವೇನಲ್ಲ. 3ನೇ ನೆಪೋಲಿಯನ್ನನ ಆಳ್ವಿಕೆಯಲ್ಲಿ, 1853ರಿಂದ ಮುಂದೆ, ಹೌಸ್ಮನ್ ಎಂಬ ಅಧಿಕಾರಿ ಇಕ್ಕಟ್ಟಿನ ಗಲ್ಲಿಗಳನ್ನು ಕೆಡವಿಸಿ ಅವುಗಳನ್ನು ಮಾಡಿಸಿದ. ವೆನಿಸ್ಸಿನ ಕಾಲುವೆಗಳು ಅಲ್ಲಿಯ ಜನ ಉಪ್ಪುನೀರಿನ ಹಿನ್ನೀರಿನಲ್ಲಿ ಮನೆ ಕಟ್ಟಿಕೊಂಡದ್ದರ ಫಲ. ಅಂದರೆ ಊರಿನ ಗುಣಕ್ಕೆ ಕಾರಣಗಳಿವೆ. ಆಳಿದವರು ಯಾರು, ನೀರು ಎಲ್ಲಿಂದ ಬಂತು, ಜನ ಏನು ಕೆಲಸ ಮಾಡಿ ಉಂಡರು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಯಾವ ಊರೂ ಬಾಯಿ ಬಿಡುತ್ತದೆ.

ಈ ಮೂರು ಪ್ರಶ್ನೆಗಳನ್ನು ಕೇಳಲು ವೆನಿಸ್ಸಿಗೇ ಹೋಗಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗದ ಈ ನಾಲ್ಕು ಊರುಗಳೇ ಸಾಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಎಲ್ಲ ಕಡೆ ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ. ಎಲ್ಲ ಕಡೆ ಕಾರಹುಣ್ಣಿಮೆ, ಕುಸ್ತಿ, ಜಾತ್ರೆ. ಇಷ್ಟೆಲ್ಲ ಸಮನಾಗಿದ್ದೂ ಊರುಗಳು ಬೇರೆಯಾದದ್ದು ಹೇಗೆ ಎಂಬುದೇ ಇಲ್ಲಿಯ ಸ್ವಾರಸ್ಯ.

ಬಸ್ಸಿನ ದಾರಿಯಲ್ಲಿ ನಾಲ್ಕು ಆಳ್ವಿಕೆ

1947ಕ್ಕೆ ಮುಂಚಿನ ನಕಾಶೆಯನ್ನು ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನದ ರಾಜಧಾನಿ. ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನದ ರಾಜಧಾನಿ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಇನ್ನು ರಬಕವಿ ಮತ್ತು ಬನಹಟ್ಟಿ ಒಂದಕ್ಕೊಂದು ಅಂಟಿಕೊಂಡ ಊರುಗಳಾದರೂ ಮೊದಲಿನದು ಸಾಂಗಲಿ ಸಂಸ್ಥಾನದ್ದು, ಎರಡನೆಯದು ಜಮಖಂಡಿ ಸಂಸ್ಥಾನದ್ದು. ನೆರೆಮನೆಯವರು ಬೇರೆ ಬೇರೆ ಅರಸರ ಪ್ರಜೆಗಳು!

ಸಂಸ್ಥಾನಗಳೆಂದರೆ ಒಂದೇ ಕಡೆ ಹರಡಿಕೊಂಡ ಅಖಂಡ ಪ್ರದೇಶ ಎಂದು ತಿಳಿಯಬಾರದು. ಹುಬ್ಬಳ್ಳಿಯ ಹತ್ತಿರದ ಕುಂದಗೋಳ ಕೂಡ ಜಮಖಂಡಿಯ ಅರಸರಿಗೆ ಸೇರಿತ್ತು. ಹರಕು ಕೌದಿಯ ತುಂಡುಗಳ ಹಾಗೆ ಒಂದರ ಪಕ್ಕ ಒಂದು ಆಳ್ವಿಕೆ. ಶಾಲೆ ಬೇಕೆಂದರೆ ಒಬ್ಬ ಅರಸರ ಮರ್ಜಿ, ರಸ್ತೆ ಬೇಕೆಂದರೆ ಇನ್ನೊಬ್ಬರ ಮರ್ಜಿ, ಮೂರನೆಯ ಕಡೆ ದೂರದ ಕಲೆಕ್ಟರರ ಆಜ್ಞೆ.

1948ರ ಮಾರ್ಚ್ 8ರಂದು ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಆಮೇಲೆ ವಿಜಾಪುರ ಜಿಲ್ಲೆ, 1956ರ ನವೆಂಬರ್ 1ರಿಂದ ಏಕೀಕೃತ ಮೈಸೂರು ರಾಜ್ಯ, 1997ರಿಂದ ಹೊಸ ಬಾಗಲಕೋಟೆ ಜಿಲ್ಲೆ. ನಕಾಶೆಯ ಗೆರೆಗಳು ಅಳಿಸಿಹೋದವು. ಊರುಗಳ ನಡೆನುಡಿಯಲ್ಲಿ ಆ ಗೆರೆಗಳ ಗುರುತು ಇನ್ನೂ ಉಳಿದಿದೆ.

ಜಮಖಂಡಿ: ಅರಮನೆಗಿಂತ ಶಾಲೆ ದೊಡ್ಡದು

ಜಂಬುಕೇಶ್ವರ ದೇವಾಲಯದಿಂದ ಜಮಖಂಡಿ ಎಂಬ ಹೆಸರು ಬಂತೆಂದು ಊರಿನವರು ಹೇಳುತ್ತಾರೆ. 1811ರಲ್ಲಿ ಗೋಪಾಲರಾವ್ ಪಟವರ್ಧನರಿಂದ ಸಂಸ್ಥಾನ ಆರಂಭವಾಯಿತು. ಸಾಂಗಲಿ, ಮೀರಜ, ಕುರುಂದವಾಡಗಳನ್ನು ಆಳಿದವರೂ ಇದೇ ಪಟವರ್ಧನ ಮನೆತನದ ಕವಲುಗಳೇ. ಗಣಪತಿ ಇವರ ಆರಾಧ್ಯದೈವ. ಊರ ಪಕ್ಕದ ಗುಡ್ಡದ ಮೇಲೆ ರಾಮತೀರ್ಥ ಅರಮನೆ, ಹತ್ತಿರದಲ್ಲಿಯೇ ಉಮಾರಾಮೇಶ್ವರ ದೇವಾಲಯ. ಹೊರಗಿನವರು ನೋಡಲು ಬರುವುದು ಇವನ್ನೇ.

ಆದರೆ ಜಮಖಂಡಿಯ ಗುಣವನ್ನು ರೂಪಿಸಿದ್ದು ಅರಮನೆಗಿಂತ ಹೆಚ್ಚಾಗಿ ಶಾಲೆ. ಅರಸರ ಹೆಸರಿನ ಪರಶುರಾಮಭಾವು ಹೈಸ್ಕೂಲು ಸುತ್ತಲ ಸೀಮೆಯ ಹುಡುಗರಿಗೆ ಹೊರ ಜಗತ್ತಿನ ಬಾಗಿಲಾಯಿತು. ಪುಣೆಯ ಪ್ರಸಿದ್ಧ ಸರ್ ಪರಶುರಾಮಭಾವು ಕಾಲೇಜಿನ ಹೆಸರೂ ಜಮಖಂಡಿಯದೇ ಎಂಬುದು ಇಲ್ಲಿಯ ಅನೇಕ ಮಕ್ಕಳಿಗೆ ತಿಳಿದಿರಲಾರದು. 1916ರಲ್ಲಿ ನ್ಯೂ ಪೂನಾ ಕಾಲೇಜು ಎಂದು ಆರಂಭವಾದ ಆ ಸಂಸ್ಥೆಗೆ ಜಮಖಂಡಿಯ ಅರಸರು ದೊಡ್ಡ ದೇಣಿಗೆ ಕೊಟ್ಟರು. ಅದರ ನೆನಪಿಗಾಗಿ ಕಾಲೇಜಿಗೆ ಆ ಹೆಸರು ಬಂತು.

ಈ ವಾತಾವರಣ ಎಂಥವರನ್ನು ಬೆಳೆಸಿತು ಎಂಬುದಕ್ಕೆ ಗುರುದೇವ ರಾ.ದ. ರಾನಡೆ ಅವರೇ ಸಾಕ್ಷಿ. 1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿದ ರಾನಡೆ ಓದಿದ್ದು ಪರಶುರಾಮಭಾವು ಹೈಸ್ಕೂಲಿನಲ್ಲಿ. ಮುಂದೆ ತತ್ತ್ವಶಾಸ್ತ್ರದ ದೊಡ್ಡ ವಿದ್ವಾಂಸರಾಗಿ ಅಲಹಾಬಾದ ವಿಶ್ವವಿದ್ಯಾಲಯದ ಕುಲಪತಿಯಾದರು. ಕೊನೆಗೆ ವಿಜಾಪುರ ಜಿಲ್ಲೆಯ ನಿಂಬಾಳದಲ್ಲಿ ನೆಲೆಸಿ, 1957ರಲ್ಲಿ ತೀರಿಕೊಂಡರು. ಮನೆಮಾತು ಮರಾಠಿ. ಮಹಾರಾಷ್ಟ್ರದ ಸಂತರ ಮೇಲೆ ಬರೆದ ಅದೇ ಕೈ ಕನ್ನಡದ ಅನುಭಾವಿ ಕವಿಗಳ ಮೇಲೆಯೂ ಒಂದು ಗ್ರಂಥವನ್ನು ಬರೆಯಿತು. ದರ್ಬಾರಿನಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ ಕೇಳುತ್ತಿದ್ದ ಊರಿನಲ್ಲಿ ಬೆಳೆದ ಹುಡುಗನಿಗೆ ಎರಡೂ ತನ್ನವೇ ಆಗಿದ್ದವು. ಇಂದಿಗೂ ಇಲ್ಲಿಯ ಆಡುಮಾತಿನಲ್ಲಿ ವಾಡೆ, ಖಾನಾವಳಿ, ಗಿರಣಿ ಮುಂತಾದ ಮಾತುಗಳು ಕನ್ನಡದ ಮಾತುಗಳೇ ಆಗಿ ಕೂತಿವೆ.

ಇನ್ನೊಬ್ಬರು ಬಿ.ಡಿ. ಜತ್ತಿ. 1912ರಲ್ಲಿ ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿ, ಕೊಲ್ಲಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಆರಂಭಿಸಿದರು. ಊರಿನ ಪುರಸಭೆಯಲ್ಲಿ ಕೆಲಸ ಮಾಡಿ, ಸಂಸ್ಥಾನದ ಮಂತ್ರಿಯಾಗಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ಪುರಸಭೆಯ ಕುರ್ಚಿಯಿಂದ ರಾಷ್ಟ್ರಪತಿ ಭವನದವರೆಗಿನ ಈ ದಾರಿ ಜಮಖಂಡಿಯ ಕೋರ್ಟು ಕಚೇರಿಗಳಿಂದಲೇ ಹೊರಟಿತ್ತು.

ಜರ್ಮನಿಯ ವೈಮರ್ ಎಂಬ ಊರೂ ಹೀಗೆಯೇ. ಸಣ್ಣ ಸಂಸ್ಥಾನ, ಸಣ್ಣ ರಾಜಧಾನಿ. 1775ರಲ್ಲಿ ಅಲ್ಲಿಯ ತರುಣ ಅರಸ ಕಾರ್ಲ್ ಆಗಸ್ಟ್ ಕವಿ ಗಯಟೆಯನ್ನು ಕರೆಸಿಕೊಂಡ. ಆಮೇಲೆ ಷಿಲ್ಲರ್ ಕೂಡ ಬಂದು ನೆಲೆಸಿದ. ಇಂದಿಗೂ ಆ ಪುಟ್ಟ ಊರಿನ ಹೆಸರು ಯುರೋಪಿನ ದೊಡ್ಡ ನಗರಗಳ ಸಾಲಿನಲ್ಲಿ ಕೇಳಿಬರುತ್ತದೆ. ಊರಿನ ದೊಡ್ಡತನಕ್ಕೂ ಅದರ ವಿಸ್ತಾರಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಅರಸರ ಕಾಲ ಮುಗಿದ ಮೇಲೆ ಜಮಖಂಡಿ ಕೈಕಟ್ಟಿ ಕೂಡಲಿಲ್ಲ. ಬೇಸಿಗೆಯಲ್ಲಿ ಕೃಷ್ಣೆ ಬತ್ತುತ್ತಿದ್ದಾಗ ನದಿದಂಡೆಯ ರೈತರು ಸರ್ಕಾರದ ದಾರಿ ಕಾಯದೆ ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, ಚಿಕ್ಕಪಡಸಲಗಿಯ ಹತ್ತಿರ ಅಡ್ಡಗಟ್ಟೆ ಕಟ್ಟಿದರು. 1989ರಲ್ಲಿ ಮುಗಿದ ಈ ಬ್ಯಾರೇಜಿಗೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಮುಂದೆ ನಿಂತು ಮಾಡಿಸಿದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಬಾಗಲಕೋಟೆ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರಂಥ ನಾಯಕರನ್ನೇ ಸೋಲಿಸಿದರು. ಒಂದು ಕಾಲಕ್ಕೆ ಅರಸರು ಕೊಟ್ಟದ್ದನ್ನು ಪಡೆದ ಊರು ಇನ್ನೊಂದು ಕಾಲಕ್ಕೆ ತನಗೆ ಬೇಕಾದದ್ದನ್ನು ತಾನೇ ಕಟ್ಟಿಕೊಂಡಿತು.

ಮುಧೋಳ: ಕವಿಯ ಹೆಸರು, ನಾಯಿಯ ಓಟ

ಜಮಖಂಡಿಯಿಂದ ದಕ್ಷಿಣಕ್ಕೆ ಹೊರಟರೆ ಒಂದು ಗಂಟೆಯೊಳಗೆ ಮುಧೋಳ. ಘಟಪ್ರಭೆಯ ಸೀಮೆ. ಜಮಖಂಡಿಯ ಗತ್ತು ಓದಿನದಾದರೆ ಮುಧೋಳದ ಗತ್ತು ವೀರದ್ದು.

ಇಲ್ಲಿಯ ಅರಸರ ಮನೆತನದ ಹೆಸರಿನಲ್ಲಿಯೇ ಒಂದು ಕಥೆಯಿದೆ. ಮರಾಠಿಯಲ್ಲಿ ‘ಘೋರ್ಪಡ್’ ಎಂದರೆ ಉಡ. ಬಹಮನಿ ಸುಲ್ತಾನರ ಕಾಲದಲ್ಲಿ ಈ ಮನೆತನದ ಹಿರಿಯರು ಉಡಕ್ಕೆ ಹಗ್ಗ ಕಟ್ಟಿ, ಅದು ಗೋಡೆಗೆ ಕಚ್ಚಿಕೊಂಡಾಗ ಹಗ್ಗ ಹಿಡಿದು ಕೋಟೆ ಏರಿದರೆಂದೂ ಅದರಿಂದ ಘೋರ್ಪಡೆ ಎಂಬ ಹೆಸರು ಬಂತೆಂದೂ ಪ್ರತೀತಿ. ಶಿವಾಜಿಯ ತಂದೆ ಶಹಾಜಿಯನ್ನು 1648ರಲ್ಲಿ ಸೆರೆಹಿಡಿದವನೂ ಇದೇ ಮುಧೋಳದ ಬಾಜಿ ಘೋರ್ಪಡೆ.

ಆದರೆ ಕನ್ನಡಿಗರಿಗೆ ಮುಧೋಳ ಅರಸರಿಗಿಂತ ಮೊದಲು ಕವಿಯ ಊರು. ಗದಾಯುದ್ಧವನ್ನು ಬರೆದ ರನ್ನ ಹುಟ್ಟಿದ್ದು ಈ ‘ಮುದುವೊಳಲಿ’ನಲ್ಲಿ, ಕ್ರಿ.ಶ. 949ರಲ್ಲಿ ಎಂದು ಹೇಳುತ್ತಾರೆ. ಮನೆತನದ ಕಸುಬು ಬಳೆ ಮಾರುವುದು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಗಾರರ ಮನೆಯ ಹುಡುಗ ಓದುವ ಹಂಬಲದಿಂದ ದೂರದ ಗಂಗರ ನಾಡಿಗೆ ಹೋದ. ಅಜಿತಸೇನಾಚಾರ್ಯರ ಶಿಷ್ಯನಾದ, ಚಾವುಂಡರಾಯನ ಆಶ್ರಯ ಪಡೆದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂದು ಕೊರೆದ ಅಕ್ಷರಗಳು ಇಂದಿಗೂ ಇವೆ. ಮುಂದೆ ಚಾಲುಕ್ಯರ ತೈಲಪ ಮತ್ತು ಸತ್ಯಾಶ್ರಯರ ಆಸ್ಥಾನದಲ್ಲಿ ಮೆರೆದ. ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ. ಓದಿಗಾಗಿ ಮನೆ ಬಿಟ್ಟು ಹೋಗುವ ಹುಡುಗರ ಕಥೆ ಈ ಸೀಮೆಗೆ ಸಾವಿರ ವರ್ಷಕ್ಕಿಂತ ಹಳೆಯದು.

ಇಂಗ್ಲೆಂಡಿನಲ್ಲಿ ಷೇಕ್ಸ್‌ಪಿಯರನ ಸ್ಟ್ರಾಟ್‌ಫರ್ಡ್ ಊರಿದೆ. ಕವಿ ಹುಟ್ಟಿದ ಮನೆಯನ್ನು ಜತನ ಮಾಡಿ ತೋರಿಸುತ್ತಾರೆ. ನದಿಯ ದಂಡೆಯ ರಂಗಮಂದಿರದಲ್ಲಿ ಅವನ ನಾಟಕಗಳು ನಡೆಯುತ್ತವೆ. ಅವನ್ನು ನೋಡಲೆಂದೇ ದೇಶವಿದೇಶಗಳಿಂದ ಜನ ಬರುತ್ತಾರೆ. ರನ್ನನ ಮನೆ ಯಾವುದೆಂದು ಮುಧೋಳದಲ್ಲಿ ತೋರಿಸಲಾಗದು. ಸಾವಿರ ವರ್ಷದಲ್ಲಿ ಮಣ್ಣಿನ ಗೋಡೆ ಉಳಿಯುವುದಾದರೂ ಹೇಗೆ? ಆದರೆ ತಾಲ್ಲೂಕಿನ ಬೆಳಗಲಿ ಕವಿಯ ನೆನಪಿಗೆ ‘ರನ್ನಬೆಳಗಲಿ’ಯಾಗಿದೆ. ಅವನ ಹೆಸರಿನಲ್ಲಿ ರನ್ನ ಉತ್ಸವ ನಡೆದಿದೆ. ಉತ್ಸವಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ದುರ್ಯೋಧನನ ಸೋಲಿಗೂ ಕಣ್ಣೀರು ತರಿಸುವ ಆ ಕಾವ್ಯವನ್ನು ಕವಿಯ ಊರಿನ ಮಕ್ಕಳು ಪರೀಕ್ಷೆಯ ಆಚೆಗೆ ಓದುತ್ತಾರೆಯೇ?

ದೇಶದ ಬೇರೆ ಕಡೆ ಮುಧೋಳದ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ನಾಯಿ. ತೆಳ್ಳನೆಯ ಮೈ, ಉದ್ದನೆಯ ಮುಖ, ಬಿಲ್ಲಿನಂತೆ ಬಾಗಿದ ಹೊಟ್ಟೆ. ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯುವ ಜಾತಿ. ಬಯಲುಸೀಮೆಯ ಹೊಲಗಳಲ್ಲಿ ಮೊಲ ಬೆನ್ನಟ್ಟುತ್ತಿದ್ದ ಈ ನಾಯಿಗಳ ಗುಣವನ್ನು ಗುರುತಿಸಿ ತಳಿ ಕಾಪಾಡಿದವರು ಅರಸ ಮಾಲೋಜಿರಾವ್ ಘೋರ್ಪಡೆ. ಇಂಗ್ಲೆಂಡಿನ ದೊರೆ 5ನೇ ಜಾರ್ಜ್‌ಗೆ ಅವರು ಒಂದು ಜೋಡಿಯನ್ನು ಕಾಣಿಕೆ ಕೊಟ್ಟ ಮೇಲೆ ಊರಿನ ಹೆಸರೇ ತಳಿಯ ಹೆಸರಾಯಿತು. 2005ರ ಜನವರಿಯಲ್ಲಿ ಅಂಚೆ ಇಲಾಖೆ ಭಾರತೀಯ ನಾಯಿ ತಳಿಗಳ ಅಂಚೆಚೀಟಿಗಳನ್ನು ತಂದಾಗ ಅವುಗಳಲ್ಲಿ ಮುಧೋಳದ ನಾಯಿಯೂ ಇತ್ತು. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಇಲ್ಲಿಯ ಮರಿಗಳು ಮೀರತ್‌ನಲ್ಲಿರುವ ಸೇನೆಯ ತರಬೇತಿ ಕೇಂದ್ರವನ್ನೂ ಸೇರಿದವು.

ಸುತ್ತಲ ಹಳ್ಳಿಗಳ ಅನೇಕ ಕುಟುಂಬಗಳಿಗೆ ಮರಿ ಸಾಕಿ ಮಾರುವುದು ಮನೆಗೆ ಆಸರೆ. ಆದರೆ ಓಡುವುದಕ್ಕೆಂದೇ ಹುಟ್ಟಿದ ಈ ಪ್ರಾಣಿಯನ್ನು ಊರಿನ ಹೆಮ್ಮೆಯೆಂದು ಕೊಂಡೊಯ್ದು ಬೆಂಗಳೂರಿನ ಎರಡು ಕೋಣೆಗಳ ಮನೆಯಲ್ಲಿ ಕಟ್ಟಿಹಾಕಿದರೆ ಅದು ಹೆಮ್ಮೆಯಲ್ಲ. ಬಯಲಿದ್ದರೇ ಅದು ಮುಧೋಳದ ನಾಯಿ. ಊರಿನ ಗುಣಕ್ಕೂ ಈ ಮಾತು ಸಲ್ಲುತ್ತದೆ: ತನ್ನ ನೆಲೆಯಿಂದ ಕಿತ್ತರೆ ಅದು ಸೊರಗುತ್ತದೆ.

ರಬಕವಿ-ಬನಹಟ್ಟಿ: ಸದ್ದೇ ಊರಿನ ಉಸಿರು

ಜಮಖಂಡಿಯಿಂದ ಪಶ್ಚಿಮಕ್ಕೆ ಹೋದರೆ ಊರು ಕಣ್ಣಿಗೆ ಸಿಗುವ ಮುಂಚೆ ಕಿವಿಗೆ ಸಿಗುತ್ತದೆ. ಓಣಿ ಓಣಿಯಲ್ಲಿ ಮಗ್ಗದ ಸದ್ದು. ಹೊಸಬರಿಗೆ ತಲೆನೋವು, ಊರಿನವರಿಗೆ ಜೋಗುಳ. ಕರೆಂಟು ಹೋಗಿ ವಿದ್ಯುತ್ ಮಗ್ಗಗಳು ನಿಂತಾಗ ಇಲ್ಲಿಯ ಜನಕ್ಕೆ ಏನೋ ಕಳೆದುಕೊಂಡ ಹಾಗಾಗುತ್ತದೆ. ಸದ್ದು ನಿಂತರೆ ಆ ಹೊತ್ತಿನ ಕೂಲಿಯೂ ನಿಂತಿತು ಎಂದೇ ಅರ್ಥ.

ಇಲ್ಲಿ ಅರಮನೆಯಿಲ್ಲ. ಸಾಂಗಲಿಯ ಅರಸರು ಸಾಂಗಲಿಯಲ್ಲಿದ್ದರು, ಜಮಖಂಡಿಯ ಅರಸರು ಜಮಖಂಡಿಯಲ್ಲಿದ್ದರು. ಎರಡೂ ಊರಿನವರು ನಂಬಿದ್ದು ತಮ್ಮ ಕೈಯನ್ನು. ದೇವಾಂಗ, ಹಟಗಾರ, ಕುರುಹಿನಶೆಟ್ಟಿ, ಪದ್ಮಸಾಲಿ, ಸ್ವಕುಳಸಾಲಿ ಮುಂತಾದ ನೇಕಾರ ಸಮುದಾಯಗಳ ಜನ ನೂಲು, ಬಣ್ಣ, ಸೀರೆ ಎಂದೇ ಬದುಕು ಕಟ್ಟಿದರು. ಇಂದು ಎರಡೂ ಸೇರಿ ಒಂದೇ ನಗರಸಭೆ. 2018ರಲ್ಲಿ ಜೋಡಿ ಹೆಸರಿನ ಪ್ರತ್ಯೇಕ ತಾಲ್ಲೂಕೂ ಆಯಿತು. ಆದರೂ ರಬಕವಿಯವರು ರಬಕವಿಯವರೇ, ಬನಹಟ್ಟಿಯವರು ಬನಹಟ್ಟಿಯವರೇ. ರಬಕವಿಗೆ ಶಂಕರಲಿಂಗ, ಬನಹಟ್ಟಿಗೆ ಕಾಡಸಿದ್ಧೇಶ್ವರ. ಕಾಡಸಿದ್ಧೇಶ್ವರ ಜಾತ್ರೆಯೆಂದರೆ ಬನಹಟ್ಟಿಯ ನೇಕಾರರ ಮನೆಗಳಲ್ಲಿ ದೀಪಾವಳಿಗಿಂತ ಹೆಚ್ಚಿನ ಸಡಗರ.

ನೇಕಾರರ ಮನೆಯಲ್ಲಿ ಮನೆ ಬೇರೆ, ಕಾರ್ಖಾನೆ ಬೇರೆ ಎಂಬುದಿಲ್ಲ. ನೂಲಿಗೆ ಬಣ್ಣ ಹಾಕಬೇಕು, ಹಾಸು ಮಾಡಬೇಕು, ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಎಳೆಯನ್ನು ಕೆಚ್ಚಬೇಕು, ಲಾಳಿಗೆ ಕಂಡಿಕೆ ಸುತ್ತಬೇಕು. ಇಷ್ಟಾದ ಮೇಲೆ ನೇಯ್ಗೆ. ಅಜ್ಜಿ ಕಂಡಿಕೆ ಸುತ್ತುತ್ತಾಳೆ, ತಾಯಿ ಎಳೆ ನೋಡುತ್ತಾಳೆ, ತಂದೆ ಮಗ್ಗದ ಮೇಲೆ. ಶಾಲೆಯಿಂದ ಬಂದ ಮಗು ಅದೇ ಸದ್ದಿನಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತದೆ. ಒಂದು ಸೀರೆಯ ಹಿಂದೆ ಇಡೀ ಮನೆಯ ಕೈಗಳಿವೆ. ಇಷ್ಟಾದರೂ ಇದೇ ಜಿಲ್ಲೆಯ ಇಳಕಲ್ ಸೀರೆಗೆ ಇರುವ ಹೆಸರು ಇಲ್ಲಿಯ ಸೀರೆಗಿಲ್ಲ. ಪೇಟೆ ತಲುಪುವ ಹೊತ್ತಿಗೆ ಸೀರೆಗೆ ಊರಿನ ಗುರುತೇ ಇರುವುದಿಲ್ಲ.

ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿಯಿದೆ. ಸೆರಗು, ದಡಿಗಳ ಚಿತ್ತಾರಕ್ಕೆ ಬಳಸುವ ಜಕಾರ್ಡ್ ಯಂತ್ರ ಹುಟ್ಟಿದ್ದು ಫ್ರಾನ್ಸಿನ ಲಿಯಾನ್ ಎಂಬ ರೇಷ್ಮೆ ನಗರದಲ್ಲಿ, 1804ರ ಸುಮಾರಿಗೆ. ರಂಧ್ರ ಕೊರೆದ ರಟ್ಟುಗಳ ಸಾಲು ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಮಗ್ಗಕ್ಕೆ ಅಪ್ಪಣೆ ಮಾಡುತ್ತದೆ. ಇದೇ ರಂಧ್ರದ ರಟ್ಟಿನ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಕಂಪ್ಯೂಟರಿನ ಚರಿತ್ರೆ ಅಲ್ಲಿಂದ ಮುಂದಕ್ಕೆ ಸಾಗಿತು. ಬನಹಟ್ಟಿಯ ನೇಕಾರರ ಮಗ ಇಂದು ಕಂಪ್ಯೂಟರ್ ಎಂಜಿನಿಯರಿಂಗ್ ಓದಲು ಹೋದರೆ ಅಪ್ಪನ ವಿದ್ಯೆಯಿಂದ ಅವನು ಅಂದುಕೊಂಡಷ್ಟು ದೂರ ಹೋಗಿರುವುದಿಲ್ಲ.

ಲಿಯಾನ್ ನಗರದ ಕಥೆಯಲ್ಲಿ ಎಚ್ಚರಿಕೆಯೂ ಇದೆ. ಅಲ್ಲಿಯ ಕ್ರಾ ರೂಸ್ ಎಂಬ ದಿಬ್ಬದ ಮೇಲೆ ನೇಕಾರರ ಮನೆಗಳ ಮಾಳಿಗೆಗಳು ಬಹಳ ಎತ್ತರ, ಏಕೆಂದರೆ ಜಕಾರ್ಡ್ ಮಗ್ಗ ಎತ್ತರವಾಗಿತ್ತು. 1831ರಲ್ಲಿ ಕೂಲಿಯ ದರ ಸಾಲದೆಂದು ನೇಕಾರರು ದಂಗೆಯೆದ್ದರು. ಇಂದು ಆ ಎತ್ತರದ ಮನೆಗಳಿಗೆ ಬಹಳ ಬೆಲೆ. ಮಗ್ಗಗಳನ್ನು ನೋಡಬೇಕೆಂದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಮನೆ ಉಳಿಯಿತು, ಕೆಲಸ ಹೋಯಿತು.

ರಬಕವಿ-ಬನಹಟ್ಟಿಯ ಎದುರಿಗೂ ಇದೇ ಪ್ರಶ್ನೆ ನಿಂತಿದೆ. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂತು. ನೂಲಿನ ಬೆಲೆ ಏರಿದಂತೆ ಸೀರೆಯ ಬೆಲೆ ಏರಲಿಲ್ಲ. 1975ರಲ್ಲಿ ಸ್ಥಾಪನೆಯಾದ ಕೈಮಗ್ಗ ಅಭಿವೃದ್ಧಿ ನಿಗಮ ಅನೇಕ ನೇಕಾರರಿಗೆ ಕೆಲಸ ಕೊಟ್ಟಿತು. ಸರ್ಕಾರಿ ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆಯನ್ನೂ ನಿ‌ಗಮದ ನೇಕಾರರು ನೇಯ್ದಿದ್ದಾರೆ. ಆದರೂ ಸಾಲದ ಭಾರ ತಾಳದೆ ನೇಕಾರರು ಜೀವ ಕಳೆದುಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. 2020ರ ಲಾಕ್‌ಡೌನಿನಲ್ಲಿ ಮಗ್ಗಗಳು ನಿಂತು, ಮಾರಾಟವಾಗದ ಸೀರೆಗಳು ಮನೆಯಲ್ಲಿ ರಾಶಿಬಿದ್ದವು. ‘ನಮ್ಮ ಕಷ್ಟ ಮಕ್ಕಳಿಗೆ ಬೇಡ’ ಎಂದು ನೇಕಾರ ಪಾಲಕರು ಅಂದುಕೊಂಡರೆ ಅವರನ್ನು ತಪ್ಪೆನ್ನಲಾಗದು. ಆದರೆ ಎಲ್ಲ ಮಕ್ಕಳೂ ಮಗ್ಗದಿಂದ ಎದ್ದುಹೋದ ದಿನ ಈ ಊರಿಗೆ ಉಳಿಯುವ ಗುಣ ಯಾವುದು?

ಬೀಳಗಿ: ಬಾವಿಯ ಊರಿನ ಬಾಗಿಲಿಗೆ ಬಂದ ನೀರು

ನಾಲ್ಕರಲ್ಲಿ ಚಿಕ್ಕದು ಬೀಳಗಿ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿಯೂ ಒಂದು ಬಿಳಗಿ ಇದೆ. ಅದು ಮಲೆನಾಡಿನ ಅರಸರ ಊರು. ಇದು ಬಯಲುಸೀಮೆಯ ಬೀಳಗಿ. ಬ್ರಿಟಿಷರ ಕಾಲದಲ್ಲಿ ಬಾಗಲಕೋಟೆ ತಾಲ್ಲೂಕಿನ ಒಂದು ಪೇಟಾ. ಅರಸರಿಲ್ಲ, ಆದ್ದರಿಂದ ಅರಮನೆಯೂ ಇಲ್ಲ. ಜಮಖಂಡಿಯಂತೆ ದೇಣಿಗೆ ಕೊಡುವವರಿರಲಿಲ್ಲ, ಮುಧೋಳದಂತೆ ಹೆಸರು ಮೆರೆಸುವವರಿರಲಿಲ್ಲ. ಕಚೇರಿ, ಸಂತೆ, ಒಕ್ಕಲುತನ ಇಷ್ಟೇ ಬದುಕು. ಇಂಥ ಊರುಗಳ ಗುಣ ಸದ್ದು ಮಾಡುವುದಿಲ್ಲ. ತಾಳ್ಮೆಯಿಂದ ನೋಡಬೇಕು.

ನೋಡಲು ತೊಡಗಬೇಕಾದದ್ದು ಆರೆತ್ತಿನ ಬಾವಿಯಿಂದ. ಆರು ಎತ್ತುಗಳನ್ನು ಹೂಡಿ ನೀರು ಎತ್ತುವಷ್ಟು ದೊಡ್ಡದೆಂದು ಹೆಸರೇ ಹೇಳುತ್ತದೆ. ಕಪಿಲೆಯ ಮೂಲಕ ಚರ್ಮದ ಚೀಲದಲ್ಲಿ ನೀರು ಮೇಲೇರುತ್ತಿದ್ದ ಕಾಲದ ನೆನಪು ಅದು. ಮಳೆ ನಂಬಲಾಗದ ಸೀಮೆಯಲ್ಲಿ ಬಾವಿಯೇ ಊರಿನ ಅರಮನೆ. ಕಲ್ಲಿಗೆ, ಕುಶಲತೆಗೆ, ಹಣಕ್ಕೆ ಬೀಳಗಿಯವರು ಕೊಟ್ಟ ಮರ್ಯಾದೆಯೆಲ್ಲ ನೆಲದೊಳಗೆ ಇಳಿದಿದೆ. ಸಿದ್ಧೇಶ್ವರ ದೇವಾಲಯ ಮತ್ತು ದರ್ಗಾ ಎರಡಕ್ಕೂ ನಡೆದುಕೊಳ್ಳುವ ಜನ ಇಲ್ಲಿಯವರು. ಸುತ್ತಲ ಗುಡ್ಡಗಳ ಒಣ ಕುರುಚಲು ಕಾಡಿನಲ್ಲಿ ಚಿಂಕಾರ ಎಂಬ ಹುಲ್ಲೆಗಳಿವೆ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಪ್ರದೇಶವನ್ನು 2016ರಲ್ಲಿ ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಕಡಿಮೆ ನೀರಿನಲ್ಲಿ ಬದುಕುವ ಪ್ರಾಣಿ, ಕಡಿಮೆ ನೀರಿನಲ್ಲಿ ಬದುಕಲು ಕಲಿತ ಜನ.

ಇಂಥ ಸೀಮೆಗೆ ನೀರು ಬಂದದ್ದು ವಿಚಿತ್ರ ರೀತಿಯಲ್ಲಿ. 1964ರ ಮೇ ತಿಂಗಳಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ದಶಕಗಳ ನಂತರ ನೀರು ನಿಂತಾಗ ಕೃಷ್ಣೆಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೂ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳನ್ನೂ ನುಂಗಿತು. ಬಾವಿ ತೋಡಿ ನೀರಿಗೆ ಕಾದವರು ನೀರು ಬಂದಾಗ ಮನೆ ಬಿಟ್ಟು ಹೊರಡಬೇಕಾಯಿತು. ಪುನರ್ವಸತಿ ಕೇಂದ್ರಗಳಲ್ಲಿ ಅಳತೆ ಮಾಡಿದ ನಿವೇಶನಗಳು, ನೇರ ರಸ್ತೆಗಳು. ಆದರೆ ಊರ ನಡುವಿನ ಕಟ್ಟೆ, ಹಳೆಯ ಬೇವಿನ ಮರ, ಅಗಸೆಬಾಗಿಲುಗಳನ್ನು ಯಾವ ಅಧಿಕಾರಿ ತಾನೆ ಮಂಜೂರು ಮಾಡಬಲ್ಲ?

ಕಥೆ ಮುಗಿದಿಲ್ಲ. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅವಕಾಶ ನೀಡಿತು. ಅದು ಜಾರಿಯಾದರೆ ಇನ್ನಷ್ಟು ಹಳ್ಳಿಗಳು ಏಳಬೇಕು. ಏಳಬೇಕಾದ ಊರಿನಲ್ಲಿ ಗೋಡೆಗೆ ಸುಣ್ಣ ಬಳಿಯಲೂ ಮನಸ್ಸಾಗುವುದಿಲ್ಲ. ಟರ್ಕಿ ದೇಶದಲ್ಲಿ ಟೈಗ್ರಿಸ್ ನದಿಯ ದಂಡೆಯ ಹಸನ್‌ಕೈಫ್ ಎಂಬ ಸಾವಿರಾರು ವರ್ಷಗಳ ಊರು 2020ರ ಹೊತ್ತಿಗೆ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತು. ಕೆಲವು ಸ್ಮಾರಕಗಳನ್ನು ಎತ್ತಿ ಬೇರೆಡೆ ಇಟ್ಟರು. ಸ್ಮಾರಕವನ್ನು ಎತ್ತಿಡಬಹುದು, ಓಣಿಯ ನೆರೆಹೊರೆಯನ್ನು ಎತ್ತಿಡುವುದು ಕಷ್ಟ. ಹಿನ್ನೀರಿನಿಂದ ದೂರದ ಹೊಲಗಳಿಗೆ ನೀರಾವರಿ ಆಗುವುದೂ ನಿಜ, ಅದಕ್ಕಾಗಿ ಒಂದು ತಾಲ್ಲೂಕಿನ ಜನ ಊರು ಬಿಟ್ಟದ್ದೂ ನಿಜ.

ಕಬ್ಬು ತಂದ ಒಂದೇ ಬಣ್ಣ

ಬ್ಯಾರೇಜು, ಕಾಲುವೆ, ಕೊಳವೆಬಾವಿಗಳು ಬಂದ ಮೇಲೆ ಈ ಸೀಮೆಯ ತುಂಬ ಕಬ್ಬು ಹಬ್ಬಿತು. ಸಮೀರವಾಡಿಯೂ ಸೇರಿ ಹಲವು ಕಡೆ ಸಕ್ಕರೆ ಕಾರ್ಖಾನೆಗಳು, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಕೈಯಲ್ಲಿ ಹಣ ಓಡಾಡಿತು. ಮಕ್ಕಳು ಕಾಲೇಜಿಗೆ ಹೋದರು, ಮಣ್ಣಿನ ಮೇಲ್ಮುದ್ದೆಯ ಮನೆಗಳು ಆರ್‌ಸಿಸಿ ಮನೆಗಳಾದವು. ಇದನ್ನು ಬೇಡವೆನ್ನುವ ಹಕ್ಕು ಬೇರೆ ಯಾರಿಗೂ ಇಲ್ಲ.

ಆದರೆ ಇದರ ಜೊತೆಗೆ ನಾಲ್ಕು ಊರುಗಳ ಮುಖಗಳು ಒಂದೇ ಬಣ್ಣಕ್ಕೆ ತಿರುಗುತ್ತಿವೆ. ಬಸ್‌ಸ್ಟ್ಯಾಂಡಿನ ಎದುರು ಅದೇ ಮೊಬೈಲ್ ಅಂಗಡಿ, ಅದೇ ಫ್ಲೆಕ್ಸು, ಅದೇ ಕೋಚಿಂಗ್ ಬೋರ್ಡು. ಬೋರ್ಡಿನ ಮೇಲಿನ ಊರಿನ ಹೆಸರು ಮುಚ್ಚಿದರೆ ಇದು ಯಾವ ಊರೆಂದು ಹೇಳುವುದು ಕಷ್ಟ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ನದಿದಂಡೆಯ ಹಳ್ಳಿಗಳಿಗೆ ನುಗ್ಗಿದಾಗ, ಒಂದು ಕಾಲಕ್ಕೆ ಹನಿ ನೀರಿಗೆ ಕಾದ ಸೀಮೆ ನೀರಿಗೆ ಹೆದರುವುದನ್ನೂ ಕಲಿಯಿತು. ಹಳೆಯ ಜನ ನದಿಗೆಷ್ಟು ಹತ್ತಿರ, ಎಷ್ಟು ದೂರ ಮನೆ ಕಟ್ಟಬೇಕೆಂದು ತಿಳಿದಿದ್ದರು. ಊರಿನ ಗುಣವೆಂಬುದು ಬರೀ ಸೊಗಸಿನ ಮಾತಲ್ಲ. ಆ ನೆಲದಲ್ಲಿ ಬದುಕುವ ತಿಳಿವಳಿಕೆಯೂ ಅದರಲ್ಲಿದೆ. ಅದನ್ನು ಮರೆತರೆ ಬೆಲೆ ತೆರಬೇಕಾಗುತ್ತದೆ.

ಊರನ್ನು ಓದುವುದು

ಶಾಲೆಯ ಪಠ್ಯದಲ್ಲಿ ಲಂಡನ್, ನ್ಯೂಯಾರ್ಕ್‌ಗಳ ವಿಷಯ ಬರುತ್ತದೆ. ಸ್ವಂತ ಊರಿನ ವಿಷಯ ಬರುವುದು ಕಡಿಮೆ. ಈ ಕೊರತೆಯನ್ನು ಒಂದು ಬೇಸಿಗೆ ರಜೆಯಲ್ಲಿ ತುಂಬಿಕೊಳ್ಳಬಹುದು. ಖರ್ಚು ಒಂದು ನೋಟ್‌ಬುಕ್ ಮಾತ್ರ.

ಮೊದಲು ಮನೆಯ ಹಿರಿಯರನ್ನು ಕೇಳಬೇಕು: ನಮ್ಮ ಊರನ್ನು ಆಳಿದವರು ಯಾರು? ಕುಡಿಯುವ ನೀರು ಎಲ್ಲಿಂದ ತರುತ್ತಿದ್ದಿರಿ? ನಿಮ್ಮ ಅಪ್ಪ ಏನು ಕೆಲಸ ಮಾಡುತ್ತಿದ್ದರು, ಅದರಲ್ಲಿ ಬಳಸುತ್ತಿದ್ದ ಸಾಮಾನುಗಳ ಹೆಸರೇನು? ನೇಕಾರರ ಮನೆಯಲ್ಲಿ, ಒಕ್ಕಲಿಗರ ಮನೆಯಲ್ಲಿ, ಬಳೆಗಾರರ ಮನೆಯಲ್ಲಿ ಒಂದೊಂದು ಕಡೆಯೂ ನೂರಾರು ಮಾತುಗಳು ಸಿಗುತ್ತವೆ. ನಿಘಂಟುಗಳಲ್ಲಿ ಇಲ್ಲದವೂ ಅವುಗಳಲ್ಲಿ ಇರಬಹುದು. ಬಳಿಕ ಊರಿನ ನಕಾಶೆ ಬರೆಯಬೇಕು: ಹಳೆಯ ಬಾವಿ, ಅಗಸೆ, ಗರಡಿಮನೆ, ಸಂತೆಯ ಕಟ್ಟೆ. ಮುಳುಗಡೆಯಾಗಲಿರುವ ಹಳ್ಳಿಯ ಮಕ್ಕಳಿಗಂತೂ ಇದು ತಡಮಾಡಬಾರದ ಕೆಲಸ. ನಾಳೆ ಆ ನಕಾಶೆಯ ಹೊರತು ಬೇರೆ ಊರು ಇರಲಿಕ್ಕಿಲ್ಲ.

ಪಾಲಕರಿಗೂ ಇದರಲ್ಲಿ ಒಂದು ಪಾಲಿದೆ. ಮಕ್ಕಳು ಬೆಂಗಳೂರಿಗೆ, ಪುಣೆಗೆ, ಅಮೆರಿಕೆಗೆ ಹೋಗುತ್ತಾರೆ, ಹೋಗಲಿ. ಬಳೆಗಾರರ ಮನೆಯ ರನ್ನನೂ ಹೋದ, ಜಮಖಂಡಿಯ ರಾನಡೆಯೂ ಹೋದರು. ಆದರೆ ಅವರು ತಮ್ಮ ಊರನ್ನು ಮರೆತು ಹೋಗಲಿಲ್ಲ. ಸಾವಿರ ವರ್ಷದ ಹಿಂದೆ ಕವಿ ತನ್ನ ಕಾವ್ಯದಲ್ಲಿಯೇ ಬಳೆಗಾರ ಮನೆತನದ ವಿಷಯ ಹೇಳಿಕೊಂಡ, ಮುಚ್ಚಿಡಲಿಲ್ಲ. ಮಗ್ಗದ ಮನೆಯಿಂದ, ಕಬ್ಬಿನ ಗದ್ದೆಯಿಂದ, ಮುಳುಗಡೆಯ ಹಳ್ಳಿಯಿಂದ ಓದಲು ಹೋಗುವ ಮಕ್ಕಳು ‘ನಿನ್ನ ಊರು ಯಾವುದು, ಅಲ್ಲಿ ಏನಿದೆ’ ಎಂದು ಯಾರಾದರೂ ಕೇಳಿದಾಗ ತಲೆ ತಗ್ಗಿಸದೆ ಹತ್ತು ನಿಮಿಷ ಹೇಳುವಂತಾದರೆ, ಆ ಊರು ಇನ್ನೊಂದು ತಲೆಮಾರು ಬದುಕುತ್ತದೆ.